ಹತ್ತು ಖಾನೆ ಇದ್ದರೆ ಹತ್ತೂ ತುಂಬಲೇಬೇಕಾ?

ಪ್ರಶ್ನೆ: ಮೇಡಂ, ನನಗೆ 17 ವರ್ಷ. ಒಂದೇ ಅರ್ಜಿಯನ್ನು ಹಲವು ಕಾಲೇಜುಗಳಿಗೆ ಕಳಿಸಬಹುದಾದ ‘ಕಾಮನ್ ಆ್ಯಪ್’ ಅನ್ನುವ ಆನ್‌ಲೈನ್ ಫಾರಂ ಮೂಲಕ ಅಮೆರಿಕದ ಕಾಲೇಜುಗಳಿಗೆ ಅರ್ಜಿ ಹಾಕುತ್ತಿದ್ದೇನೆ. ಪಠ್ಯೇತರ ಚಟುವಟಿಕೆಗೆ ಅದರಲ್ಲಿ ಹತ್ತು ಖಾನೆ ಇವೆ. ನನ್ನ ಹತ್ತಿರ ಇರುವುದು ನಾಲ್ಕೋ ಐದೋ. ಕಳೆದ ವರ್ಷ ಇಬ್ಬರು ಗೆಳತಿಯರ ಜೊತೆ ಮೂರು ಭಾನುವಾರ ಹಳೆ ಪುಸ್ತಕ ಸಂಗ್ರಹಿಸಿ ಒಂದು ಶಾಲೆಗೆ ಕೊಟ್ಟಿದ್ದೆ. ನಮ್ಮ ಕನ್ಸಲ್ಟೆಂಟ್ ಅದನ್ನೇ ‘ಸೇವಾ ಸಂಸ್ಥೆಯ ಸಂಸ್ಥಾಪಕಿ, ವಾರಕ್ಕೆ 12 ಗಂಟೆ, ವರ್ಷಕ್ಕೆ 40 ವಾರ’ ಅಂತ ತುಂಬಿದ್ದಾರೆ. ಎರಡು ವರ್ಷದಿಂದ ಕಣ್ಣು ಕಾಣದ ಸಹಪಾಠಿಗೆ ಪಾಠ ಓದಿ ಫೋನಿನಲ್ಲಿ ರೆಕಾರ್ಡ್ ಮಾಡಿ ಕೊಡುತ್ತಿದ್ದೇನೆ. ರೇಖಾಗಣಿತದ ಚಿತ್ರ ಬಂದರೆ ಮಾತಿನಲ್ಲಿ ಹೇಳುವುದು ಕಷ್ಟ, ಎಷ್ಟೋ ಸಲ ಅಳಿಸಿ ಮತ್ತೆ ಮಾಡಿದ್ದೇನೆ. ಅಮ್ಮನಿಗೆ ಆಪರೇಷನ್ ಆದಾಗ ಎಂಟು ತಿಂಗಳು ತಮ್ಮನನ್ನು ನೋಡಿಕೊಂಡೆ. ಇದಕ್ಕೆಲ್ಲ ಸರ್ಟಿಫಿಕೇಟ್ ಇಲ್ಲ, ಲೆಕ್ಕಕ್ಕೆ ಬರಲ್ಲ ಅನ್ನುತ್ತಾರೆ. ಕ್ಲಾಸಿನಲ್ಲಿ ಎಲ್ಲರೂ ಸಂಸ್ಥಾಪಕರೇ. ಅರ್ಜಿ ಕಳಿಸಲು ಕೈ ಬರುತ್ತಿಲ್ಲ. ಅಪ್ಪ ಆಗಲೇ ಕನ್ಸಲ್ಟೆಂಟ್‌ಗೆ ದುಡ್ಡು ಕಟ್ಟಿದ್ದಾರೆ, ಅವರಿಗೆ ಹೇಳಲೂ ಭಯ. ಏನು ಮಾಡಲಿ?

ಉತ್ತರ: 17 ವರ್ಷ ಅಂದೆಯಲ್ಲ, ‘ನೀನು’ ಅಂತಲೇ ಬರೆಯುತ್ತೇನೆ. ಬೇಜಾರಿಲ್ಲ ತಾನೇ?

ಮೊದಲು ಹತ್ತು ಖಾನೆಯ ಭಯ ಬಿಡು. ಹತ್ತಕ್ಕಿಂತ ಜಾಸ್ತಿ ಬರೆಯಬೇಡಿ ಅಂತ ಅದರ ಅರ್ಥ, ಅಷ್ಟೇ. ಐದು ಬರೆದು ಮುಂದಿನ ಪುಟಕ್ಕೆ ಹೋದರೆ ಯಾರೂ ತಡೆಯುವುದಿಲ್ಲ. ಅಮೆರಿಕದ ಹೆಸರಾಂತ ತಂತ್ರಜ್ಞಾನ ವಿಶ್ವವಿದ್ಯಾಲಯ ಎಂಐಟಿ ಕಾಮನ್ ಆ್ಯಪ್‌ನಲ್ಲಿ ಇಲ್ಲ, ಅದಕ್ಕೆ ಬೇರೆಯೇ ಅರ್ಜಿ. ಅಲ್ಲಿ ಕೇಳುವುದು ನಾಲ್ಕೇ ಚಟುವಟಿಕೆ. ಅವರಿಗೆ ನಾಲ್ಕು ಸಾಕು ಅಂದ ಮೇಲೆ ನಿನ್ನ ಐದಕ್ಕೇನಾಗಿದೆ?

ಈಗ ಕನ್ಸಲ್ಟೆಂಟ್ ಬರೆದದ್ದನ್ನು ನೋಡೋಣ. ಸುಮ್ನೆ ಒಂದು ಚೀಟಿ ತೆಗೆದುಕೊಂಡು ಲೆಕ್ಕ ಹಾಕಿದೆ. ವಾರಕ್ಕೆ 12 ಗಂಟೆ, 40 ವಾರ. ಒಟ್ಟು 480 ಗಂಟೆ. ನಿದ್ದೆ, ಊಟ ಬಿಟ್ಟು 20 ಹಗಲು 20 ರಾತ್ರಿ ಪುಸ್ತಕ ಹೊತ್ತರೆ ಆಗುವಷ್ಟು. ಮೂರು ಭಾನುವಾರ, ದಿನಕ್ಕೆ ಐದು ಗಂಟೆ ಅಂತ ಧಾರಾಳವಾಗಿ ಹಿಡಿದರೂ ನಿನ್ನದು 15 ಗಂಟೆ. ಉಳಿದ 465 ಗಂಟೆ ನೀನು ಎಲ್ಲಿದ್ದೆ? ಅರ್ಜಿ ಓದುವವರಿಗೂ ಕೂಡುವುದು ಬರುತ್ತದೆ. ಒಂದೊಂದೇ ಖಾನೆ ನೋಡಿದರೆ ಎಲ್ಲವೂ ಸರಿ ಅನ್ನಿಸುತ್ತದೆ. ಹತ್ತನ್ನೂ ಕೂಡಿಸಿದಾಗ ವಾರಕ್ಕೆ 60 ಗಂಟೆ ಬಂದರೆ, ಈ ಹುಡುಗಿ ಶಾಲೆಗೆ ಹೋದದ್ದು ಯಾವಾಗ ಅಂತ ಅವರು ಕೇಳಿಕೊಳ್ಳುವುದಿಲ್ವಾ? ಜೊತೆಗೆ ನಿನ್ನ ಶಾಲೆಯಿಂದಲೂ ಒಂದು ವರದಿ, ಟೀಚರ್ ಬರೆದ ಪತ್ರ ಹೋಗುತ್ತವೆ. ವಾರಕ್ಕೆ 12 ಗಂಟೆ ಸಂಸ್ಥೆ ನಡೆಸುವ ಹುಡುಗಿಯ ಬಗ್ಗೆ ಟೀಚರ್‌ಗೆ ಗೊತ್ತೇ ಇಲ್ಲ ಅಂದರೆ ಅದೂ ಒಂದು ಸುದ್ದಿಯೇ.

ಇನ್ನೊಂದು ಮಾತು. ಕೊನೆಯಲ್ಲಿ ಸಹಿ ಹಾಕುವುದು ನೀನು, ಕನ್ಸಲ್ಟೆಂಟ್ ಅಲ್ಲ. ಇದೆಲ್ಲ ನನ್ನದೇ ಕೆಲಸ, ಬರೆದದ್ದು ನಿಜ, ಪ್ರಾಮಾಣಿಕವಾಗಿ ಹೇಳಿದ್ದೇನೆ ಅಂತ ನೀನು ಒಪ್ಪಿದ ಮೇಲೇ ಅರ್ಜಿ ಹೋಗುತ್ತದೆ. ಸುಳ್ಳು ಅಂತ ಗೊತ್ತಾದರೆ ಸೀಟು ರದ್ದು ಮಾಡಬಹುದು, ಸೇರಿದ ಮೇಲಾದರೆ ಕಾಲೇಜಿನಿಂದ ಹೊರಗೆ ಹಾಕಬಹುದು, ಡಿಗ್ರಿಯನ್ನೇ ವಾಪಸ್ ಪಡೆಯಬಹುದು ಅನ್ನುವುದೂ ಅಲ್ಲೇ ಇದೆ. ಆಗ ಕನ್ಸಲ್ಟೆಂಟ್ ಫೋನ್ ಎತ್ತುತ್ತಾರಾ? ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದವರಂತೂ ಕೆಲವು ಅರ್ಜಿಗಳನ್ನು ಸುಮ್ಮನೆ ಆರಿಸಿಕೊಂಡು, ನೀವು ಬರೆದ ಈ ಚಟುವಟಿಕೆಗೆ ಆಧಾರ ಕೊಡಿ ಅಂತ ಕೇಳುತ್ತಾರೆ.

ಎಷ್ಟು ವರ್ಷ ಆದ ಮೇಲೂ ಇಂಥದ್ದು ಎದ್ದು ಬರಬಹುದು ಅನ್ನುವುದಕ್ಕೆ ಮ್ಯಾರಿಲೀ ಜೋನ್ಸ್ ಅವರ ಕಥೆ ಇದೆ. ಎಂಐಟಿಯಲ್ಲಿ ಪ್ರವೇಶ ವಿಭಾಗದ ಮುಖ್ಯಸ್ಥೆಯಾಗಿದ್ದವರು. ಮಕ್ಕಳ ಮೇಲೆ ಒತ್ತಡ ಹಾಕಬೇಡಿ, ಪಟ್ಟಿ ಉದ್ದ ಮಾಡಿಸಬೇಡಿ ಅಂತ ಹೇಳುತ್ತಿದ್ದವರು ಅವರೇ. 1979ರಲ್ಲಿ ಕೆಲಸಕ್ಕೆ ಸೇರುವಾಗ ತಮಗಿಲ್ಲದ ಡಿಗ್ರಿಗಳನ್ನು ಇದೆ ಅಂತ ಬರೆದಿದ್ದರು. 28 ವರ್ಷ ಒಳ್ಳೆಯ ಕೆಲಸ ಮಾಡಿದರು. 2007ರಲ್ಲಿ ವಿಷಯ ಹೊರಬಂತು, ರಾಜೀನಾಮೆ ಕೊಡಬೇಕಾಯಿತು. ನನಗೆ ಈ ಕಥೆ ನೆನಪಾದಾಗೆಲ್ಲ ಕೋಪಕ್ಕಿಂತ ಜಾಸ್ತಿ ಅಯ್ಯೋ ಅನ್ನಿಸುತ್ತದೆ. 28 ವರ್ಷ ಆ ಒಂದು ಸಾಲನ್ನು ಹೊತ್ತುಕೊಂಡು ಓಡಾಡಿದ್ದಾರಲ್ಲ.

ನಾನೇನು ಸಾಚಾ ಅಲ್ಲ. ಮೊದಲ ಕೆಲಸಕ್ಕೆ ಅರ್ಜಿ ಹಾಕುವಾಗ ‘ಕಾಲೇಜು ಪತ್ರಿಕೆಯ ಸಂಪಾದಕಿ’ ಅಂತ ಬರೆದಿದ್ದೆ. ನಾನು ಮಾಡಿದ್ದು ಕರಡು ತಿದ್ದುವ ಕೆಲಸ. ಸಂದರ್ಶನದಲ್ಲಿದ್ದ ಹಿರಿಯರೊಬ್ಬರು ಕನ್ನಡಕ ಸರಿಮಾಡಿಕೊಂಡು ಒಂದೇ ಪ್ರಶ್ನೆ ಕೇಳಿದರು: “ಯಾವ ಲೇಖನ ಬೇಡ ಅಂತ ವಾಪಸ್ ಕಳಿಸಿದ್ರಿ, ಯಾಕೆ?” ನನ್ನ ಬಾಯಿ ಒಣಗಿತು. ಕರಡು ತಿದ್ದುವುದರ ಬಗ್ಗೆ ಕೇಳಿದ್ದರೆ ಅರ್ಧ ಗಂಟೆ ಮಾತಾಡುತ್ತಿದ್ದೆ. ಯಾವ ಕವಿ ಪ್ರತಿ ಸಲ ಒಂದೇ ತಪ್ಪು ಮಾಡುತ್ತಿದ್ದ, ಕೊನೆಯ ರಾತ್ರಿ ಒಂದು ಪುಟ ಹೇಗೆ ಕಾಣೆಯಾಯಿತು, ಎಲ್ಲ ಇತ್ತು ನನ್ನ ಹತ್ತಿರ. ಹೇಳುವ ದಾರಿಯನ್ನು ನಾನೇ ಮುಚ್ಚಿಕೊಂಡಿದ್ದೆ.

ಅದಕ್ಕೇ ನಿನ್ನ ಪತ್ರದಲ್ಲಿ ನಾನು ಎರಡೆರಡು ಸಲ ಓದಿದ ಸಾಲು ಸಂಸ್ಥಾಪಕಿಯದಲ್ಲ, ರೇಖಾಗಣಿತದ್ದು. ಕಣ್ಣು ಕಾಣದವರಿಗೆ ಒಂದು ತ್ರಿಕೋನವನ್ನು ಬಾಯಲ್ಲಿ ಹೇಗೆ ಹೇಳುತ್ತಾರೆ? ಮೊದಲು ಯಾವ ಬಿಂದು ಹೇಳಿದೆ? ‘ಮೇಲೆ’, ‘ಎಡಕ್ಕೆ’ ಅಂದರೆ ಸಾಕಾಯಿತಾ, ಗಡಿಯಾರದ ಮುಳ್ಳಿನ ಹಾಗೆ ಹೇಳಬೇಕಾಯಿತಾ? ಯಾವುದು ಅರ್ಥವಾಗಲಿಲ್ಲ ಅಂತ ನಿನ್ನ ಸಹಪಾಠಿ ಹೇಳಿದಾಗ ಏನು ಬದಲಾಯಿಸಿದೆ? ಇದನ್ನು ಯಾರೂ ಮನೆಯಲ್ಲಿ ಕೂತು ಕಟ್ಟಿ ಹೇಳಲಾಗುವುದಿಲ್ಲ. ಮಾಡಿದವರಿಗೆ ಮಾತ್ರ ಗೊತ್ತಿರುವ ಸಂಗತಿ ಇದು. ಓದುವವರು ನಂಬುವುದು ಇಂಥ ಕಡೆಯಲ್ಲೇ.

ಕಾಮನ್ ಆ್ಯಪ್‌ನ ಒಂದೊಂದು ಖಾನೆಯಲ್ಲಿ ವಿವರಣೆಗೆ ಸಿಗುವುದು 150 ಅಕ್ಷರ, ಖಾಲಿ ಜಾಗವೂ ಸೇರಿ. ಹುದ್ದೆಗೆ 50. ಹಾಗಾಗಿ ‘ಸಮಾಜದ ಬಗ್ಗೆ ಅಪಾರ ಕಾಳಜಿಯಿಂದ’ ಅನ್ನುವಂಥದ್ದಕ್ಕೆಲ್ಲ ಜಾಗವೇ ಇಲ್ಲ, ಒಳ್ಳೆಯದೇ ಆಯಿತು. ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ, ಇಂಗ್ಲಿಷಿಗೆ ನೀನೇ ತಂದುಕೋ: ‘ಕಣ್ಣು ಕಾಣದ ಸಹಪಾಠಿಗೆ ಎರಡು ವರ್ಷ ಪಾಠ ರೆಕಾರ್ಡ್ ಮಾಡಿದೆ. ರೇಖಾಗಣಿತದ ಚಿತ್ರ ಮಾತಿನಲ್ಲಿ ಹೇಳುವ ಕ್ರಮ ಇಬ್ಬರೂ ಸೇರಿ ಕಂಡುಕೊಂಡೆವು.’ ಹುದ್ದೆಯ ಜಾಗದಲ್ಲಿ ‘ಪಾಠ ಓದಿ ರೆಕಾರ್ಡ್ ಮಾಡುವವಳು’ ಅಂತಿದ್ದರೆ ಸಾಕು. ನಿರ್ದೇಶಕಿ, ಸಂಯೋಜಕಿ ಏನೂ ಬೇಡ. ಇದನ್ನೇ ಮೊದಲ ಖಾನೆಯಲ್ಲಿ ಹಾಕು. ಕಳಿಸುವ ಮೊದಲು ಆ ಸಹಪಾಠಿಯನ್ನು ಒಂದು ಮಾತು ಕೇಳು, ಹೆಸರು ಹಾಕಬೇಡ. ಅದು ಅವರ ಬದುಕೂ ಹೌದಲ್ವಾ?

ಗಂಟೆಯ ಲೆಕ್ಕ ಹೇಗೆ ಅಂತ ಕೇಳುತ್ತೀಯೇನೋ. ಫೋನಿನಲ್ಲಿ ರೆಕಾರ್ಡಿಂಗ್‌ಗಳು ಇವೆಯಲ್ಲ. ಪ್ರತಿಯೊಂದಕ್ಕೂ ತಾರೀಕಿದೆ, ಎಷ್ಟು ನಿಮಿಷ ಅಂತಲೂ ಇದೆ. ಒಂದು ತಿಂಗಳದ್ದು ಕೂಡಿಸು. ಅಳಿಸಿ ಮತ್ತೆ ಮಾಡಿದ್ದಕ್ಕೆ ಸ್ವಲ್ಪ ಸೇರಿಸು. ವಾರಕ್ಕೆ ಎಷ್ಟು ಬೀಳುತ್ತದೆ ನೋಡು. ಅರೆಬರೆ ಬಂದರೆ ಕೆಳಗಿನ ಅಂಕಿ ಹಿಡಿ. ಸರ್ಟಿಫಿಕೇಟ್ ಇಲ್ಲ ಅಂತ ಕೊರಗುತ್ತಿದ್ದೆ, ಇದಕ್ಕಿಂತ ಗಟ್ಟಿ ಆಧಾರ ಯಾರ ಹತ್ತಿರ ಇದೆ?

ತಮ್ಮನ ವಿಷಯ. ಲೆಕ್ಕಕ್ಕೆ ಬರಲ್ಲ ಅಂದವರು ಫಾರಂ ಸರಿಯಾಗಿ ನೋಡಿಲ್ಲ. ಚಟುವಟಿಕೆಯ ಬಗೆ ಆರಿಸುವ ಪಟ್ಟಿಯಲ್ಲಿ ‘ಕುಟುಂಬದ ಜವಾಬ್ದಾರಿ’ ಅಂತಲೇ ಒಂದಿದೆ. ಸಂಬಳದ ಕೆಲಸಕ್ಕೂ ಒಂದಿದೆ. ಎಂಟು ತಿಂಗಳು ದಿನಾ ಏನು ಮಾಡಿದೆ ಅಂತ ನೇರವಾಗಿ ಬರೆ. ಬೆಳಗ್ಗೆ ತಮ್ಮನನ್ನು ಶಾಲೆಗೆ ಹೊರಡಿಸಿದ್ದು, ಸಂಜೆ ಓದಿಸಿದ್ದು. ಅಯ್ಯೋ ಪಾಪ ಅನ್ನಿಸುವ ಹಾಗೆ ಬರೆಯಬೇಡ, ಕೆಲಸ ಬರೆ.

ಪುಸ್ತಕ ಸಂಗ್ರಹವನ್ನೂ ಬಿಡಬೇಡ. ‘ಇಬ್ಬರು ಗೆಳತಿಯರ ಜೊತೆ’, ಮೂರು ವಾರ, ವಾರಕ್ಕೆ 5 ಗಂಟೆ. ಪಟ್ಟಿಯ ಕೊನೆಗೆ ಇರಲಿ. ಚಿಕ್ಕದನ್ನು ಚಿಕ್ಕದಾಗಿಯೇ ಹೇಳಿದವಳು ದೊಡ್ಡದನ್ನು ಹೇಳಿದಾಗ ನಂಬಿಕೆ ಬರುತ್ತದೆ. ಎಷ್ಟು ಪುಸ್ತಕ ಅಂತ ಎಣಿಸಿದ್ದರೆ ಬರೆ, ಎಣಿಸಿಲ್ಲದಿದ್ದರೆ ಈಗ ಒಂದು ಸಂಖ್ಯೆ ಹುಟ್ಟಿಸಬೇಡ.

ಇನ್ನು ‘ಎಲ್ಲರೂ ಹೀಗೇ ಮಾಡುತ್ತಾರೆ’ ಅಂದದ್ದು. ಮಾಡುತ್ತಾರೆ, ಇಲ್ಲ ಅನ್ನುವುದಿಲ್ಲ. ಕೆಲವರು ಸಿಕ್ಕಿಬೀಳದೆ ಸೀಟೂ ಪಡೆಯುತ್ತಾರೆ. ನಿಜ ಬರೆದರೆ ಸೀಟು ಗ್ಯಾರಂಟಿ ಅಂತ ನಾನು ಹೇಳಿದರೆ ನಾನೂ ನಿನ್ನ ಕನ್ಸಲ್ಟೆಂಟ್ ಆಗಿಬಿಡುತ್ತೇನೆ. ಆದರೆ ಯೋಚನೆ ಮಾಡು, ಕ್ಲಾಸಿನಲ್ಲಿ ಎಲ್ಲರೂ ಸಂಸ್ಥಾಪಕರಾದರೆ ಆ ಪದ ಓದಿ ಓದಿ ಸುಸ್ತಾದವರ ಮುಂದೆ ನಿನ್ನದು ಇನ್ನೊಂದು. ತ್ರಿಕೋನ ಬಾಯಲ್ಲಿ ಹೇಳಿದವರು ಎಷ್ಟು ಜನ ಇರುತ್ತಾರೆ?

ಅಪ್ಪನಿಗೆ ಹೇಳುವುದೇ ಕಷ್ಟದ ಕೆಲಸ, ಗೊತ್ತು. ದುಡ್ಡು ಹೋಯಿತು, ಕನ್ಸಲ್ಟೆಂಟ್ ಸರಿಯಿಲ್ಲ ಅಂತ ಶುರು ಮಾಡಬೇಡ, ಮಾತು ಜಗಳಕ್ಕೆ ತಿರುಗುತ್ತದೆ. ಎರಡೂ ಬಗೆಯ ಪಟ್ಟಿ ಪ್ರಿಂಟ್ ತೆಗೆದು ಅವರ ಮುಂದೆ ಇಡು. “ಅಪ್ಪಾ, ನೀವು ಸಂದರ್ಶನ ಮಾಡೋರು ಅಂದ್ಕೊಳ್ಳಿ. ನನ್ನ ಸಂಸ್ಥೆ ಬಗ್ಗೆ ಐದು ಪ್ರಶ್ನೆ ಕೇಳಿ” ಅನ್ನು. ಎರಡನೇ ಪ್ರಶ್ನೆಗೇ ನೀನು ತಡವರಿಸುವುದನ್ನು ಅವರೇ ನೋಡುತ್ತಾರೆ. ಆಮೇಲೆ ರೆಕಾರ್ಡಿಂಗ್ ಬಗ್ಗೆ ಕೇಳಲು ಹೇಳು. ಕಟ್ಟಿದ ದುಡ್ಡು ಪೂರ್ತಿ ವ್ಯರ್ಥವೂ ಅಲ್ಲ, ಭಾಷೆ ತಿದ್ದಲು, ಕೊನೆಯ ತಾರೀಕು ನೋಡಿಕೊಳ್ಳಲು ಕನ್ಸಲ್ಟೆಂಟ್ ಇರಲಿ. ಒಂದು ವಿಷಯ ಮಾತ್ರ ಇವತ್ತೇ ಮಾಡು: ಅರ್ಜಿಯ ಪಾಸ್‌ವರ್ಡ್ ಬದಲಿಸು. ತಿದ್ದಿದ ಮೇಲೆ ಇನ್ನೊಬ್ಬರು ಒಳಗೆ ಹೋಗಿ 15ನ್ನು ಮತ್ತೆ 480 ಮಾಡಬಾರದಲ್ಲ.

ಆಮೇಲೆ ಫೋನ್ ತೆಗೆದು ಹಳೆಯ ರೆಕಾರ್ಡಿಂಗ್ ಒಂದನ್ನು ಹಾಕಿ ಕೇಳು. ಮೊದಲ ತಿಂಗಳದ್ದು ಒಂದು, ಮೊನ್ನೆಯದು ಒಂದು. ತ್ರಿಕೋನ ಹೇಳುವ ರೀತಿಯಲ್ಲಿ ಏನು ಬದಲಾಗಿದೆ ಅಂತ ಕೇಳಿಸಿಕೊಂಡು, ಖಾನೆ ತುಂಬಲು ಕೂರು.