ಡೆಸರ್ಟೇಶನ್‌ನಲ್ಲಿ ರಿಸಲ್ಟ್ ಬರಲಿಲ್ಲ, ಏನು ಮಾಡಲಿ?

ಪ್ರಶ್ನೆ: ನಾನು ಎಂ.ಎಸ್ಸಿ. ಮನೋವಿಜ್ಞಾನದ ಕೊನೆಯ ಸೆಮಿಸ್ಟರ್‌ನಲ್ಲಿದ್ದೇನೆ. ಇನ್‌ಸ್ಟಾಗ್ರಾಂ ನೋಡಿ ಬೇರೆಯವರ ಜೊತೆ ಹೋಲಿಸಿಕೊಳ್ಳುವ ಅಭ್ಯಾಸಕ್ಕೂ ಆತ್ಮಗೌರವಕ್ಕೂ ಏನು ಸಂಬಂಧ ಅನ್ನುವುದು ವಿಷಯ. ಆತ್ಮಗೌರವಕ್ಕೆ ರೋಸೆನ್‌ಬರ್ಗ್ ಸ್ಕೇಲ್ ಬಳಸಿದ್ದೇನೆ. 80 ಜನ ಗೂಗಲ್ ಫಾರ್ಮ್ ತುಂಬಿದ್ದಾರೆ. ಕೋರಿಲೇಶನ್ (ಎರಡರ ನಡುವಿನ ಸಂಬಂಧದ ಅಳತೆ) ಮೈನಸ್ 0.15, ಪಿ ವ್ಯಾಲ್ಯೂ (ನಿಜವಾಗಿ ಸಂಬಂಧ ಇಲ್ಲದಿದ್ದರೂ ಇಷ್ಟು ಅಥವಾ ಇದಕ್ಕಿಂತ ದೊಡ್ಡ ಕೋರಿಲೇಶನ್ ಆಕಸ್ಮಿಕವಾಗಿ ಬರುವ ಸಾಧ್ಯತೆ) 0.18. ಅದು 0.05ಕ್ಕಿಂತ ಕಡಿಮೆ ಇದ್ದರೆ ಮಾತ್ರ ‘ಸಿಗ್ನಿಫಿಕೆಂಟ್’ ಅಂತಾರೆ. ಇನ್ನಷ್ಟು ಜನರನ್ನು ಸೇರಿಸು, ಇಲ್ಲಾಂದ್ರೆ ವಿಚಿತ್ರವಾಗಿ ಉತ್ತರಿಸಿದವರನ್ನು ತೆಗೆದುಹಾಕು ಅಂತಾರೆ ಸೀನಿಯರ್‌ಗಳು. ಫೇಲ್ ಆಗ್ತೀನಾ?

ಉತ್ತರ: ಇಲ್ಲ. ಆದರೆ ನಿಮ್ಮ ಸೀನಿಯರ್‌ಗಳ ಮಾತು ಕೇಳಬೇಡಿ. ಸಲ್ಲಿಕೆ ದಿನ ಹತ್ತಿರ ಬಂದಾಗಲೆಲ್ಲ ಇದೇ ಪ್ರಶ್ನೆ ಬರುತ್ತದೆ, ಪ್ರತಿ ವರ್ಷ ಇದೇ ತಪ್ಪು ಸಲಹೆಯೂ ಕೈಯಿಂದ ಕೈಗೆ ದಾಟುತ್ತದೆ. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ನೋಡಿ, ಫಲಿತಾಂಶ ನೋಡಿ, ಸಾಲದು ಅನಿಸಿ ಇನ್ನು 20 ಜನರನ್ನು ಸೇರಿಸಿ, ಮತ್ತೆ ನೋಡಿ, 0.05ಕ್ಕಿಂತ ಕೆಳಗೆ ಬಂದ ತಕ್ಷಣ ನಿಲ್ಲಿಸಿದರೆ ನಿಮ್ಮ ಪಿ ವ್ಯಾಲ್ಯೂಗೆ ಬೆಲೆ ಇಲ್ಲ. 2011ರಲ್ಲಿ ಸಿಮನ್ಸ್, ನೆಲ್ಸನ್, ಸೈಮನ್‌ಸನ್ ಎಂಬ ಸಂಶೋಧಕರು ಇಂಥ ನಾಲ್ಕು ಸಣ್ಣ ‘ಸ್ವಾತಂತ್ರ್ಯ’ಗಳನ್ನು ಒಟ್ಟಿಗೆ ತೆಗೆದುಕೊಂಡರೆ ಏನಾಗುತ್ತದೆ ಅಂತ ಲೆಕ್ಕ ಹಾಕಿದರು. ಶೇ 5 ಇರಬೇಕಾದ ಸುಳ್ಳು ಫಲಿತಾಂಶದ ಸಾಧ್ಯತೆ ಶೇ 60 ದಾಟಿತು. ಅದೇ ಪ್ರಬಂಧದಲ್ಲಿ ಒಂದು ಹಾಡು ಕೇಳಿದವರ ವಯಸ್ಸು ಒಂದೂವರೆ ವರ್ಷ ಕಡಿಮೆಯಾಯಿತು ಅಂತ ‘ಸಾಬೀತು’ ಮಾಡಿಯೂ ತೋರಿಸಿದರು. 2015ರಲ್ಲಿ ಮನೋವಿಜ್ಞಾನದ 100 ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ ಸಿಗ್ನಿಫಿಕೆಂಟ್ ಬಂದದ್ದು ಶೇ 36ರಷ್ಟರಲ್ಲಿ ಮಾತ್ರ. ಅದರಲ್ಲಿ ಸೋಶಿಯಲ್ ಸೈಕಾಲಜಿಯ ಸ್ಥಿತಿ ಇನ್ನೂ ಕೆಟ್ಟದಾಗಿತ್ತು. ನಮ್ಮ ವಿಷಯದ ಮರ್ಯಾದೆ ಹೋದದ್ದು ಹೀಗೆ. ನೀವೂ ಅದಕ್ಕೆ ಕೈ ಜೋಡಿಸಬೇಡಿ.

ಈಗ ನಿಮ್ಮ ಡೇಟಾ. ಮೊದಲು ಶೀಟ್ ತೆಗೆದು ಒಂದೊಂದೇ ಸಾಲು ನೋಡಿ. ರೋಸೆನ್‌ಬರ್ಗ್‌ನ 10 ಹೇಳಿಕೆಗಳಲ್ಲಿ 5 ಉಲ್ಟಾ ಇವೆ (ಒಪ್ಪಿದರೆ ಆತ್ಮಗೌರವ ಕಡಿಮೆ ಅಂತ ಅರ್ಥ), ಅವುಗಳ ಅಂಕ ತಿರುಗಿಸಿದ್ದೀರಾ? ತಿರುಗಿಸದೆ ಕೂಡಿಸಿದ ಡೆಸರ್ಟೇಶನ್‌ಗಳನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಆಲ್ಫಾ (ಹೇಳಿಕೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) ತೀರಾ ಕಡಿಮೆ ಬಂದಿದ್ದರೆ ಮೊದಲು ಅಲ್ಲೇ ಹುಡುಕಿ. ‘ನನ್ನ ಬಗ್ಗೆ ನನಗೆ ತೃಪ್ತಿ ಇದೆ’ ಅನ್ನುವುದಕ್ಕೂ ‘ನಾನು ಯಾವ ಪ್ರಯೋಜನಕ್ಕೂ ಬರುವುದಿಲ್ಲ ಅನಿಸುತ್ತದೆ’ ಅನ್ನುವುದಕ್ಕೂ, ಹತ್ತಕ್ಕೆ ಹತ್ತಕ್ಕೂ ‘ಪೂರ್ತಿ ಒಪ್ಪುತ್ತೇನೆ’ ಒತ್ತಿದವರು ಓದಿಯೇ ಇಲ್ಲ. ಅಂಥವರನ್ನು ತೆಗೆಯಬಹುದು. ಆದರೆ ಒಂದು ನಿಯಮ ಬರೆದಿಟ್ಟು, ಆ ನಿಯಮಕ್ಕೆ ಸಿಕ್ಕ ಎಲ್ಲರನ್ನೂ ತೆಗೆಯಬೇಕು, ಕೋರಿಲೇಶನ್ ಏರಲಿ ಇಳಿಯಲಿ, ತೆಗೆಯುವ ಮೊದಲು ಎಷ್ಟಿತ್ತು ಆಮೇಲೆ ಎಷ್ಟಾಯಿತು ಎರಡನ್ನೂ ವರದಿಯಲ್ಲಿ ಕೊಡಬೇಕು. ‘ಇವರೊಬ್ಬರು ನನ್ನ ರಿಸಲ್ಟ್ ಹಾಳು ಮಾಡಿದರು’ ಅನ್ನುವುದು ನಿಯಮವಲ್ಲ.

ಬರೆಯುವಾಗ ‘ಸಂಬಂಧವಿಲ್ಲ’ ಅಂತಲೂ ಬರೆಯಬೇಡಿ. 80 ಜನ, ಮೈನಸ್ 0.15 ಅಂದರೆ ಶೇ 95 ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸಂಬಂಧ ಇರಬಹುದಾದ ವ್ಯಾಪ್ತಿಯ ಅಂದಾಜು) ಸುಮಾರು ಮೈನಸ್ 0.36ರಿಂದ ಪ್ಲಸ್ 0.07. ಅಂದರೆ ಸಂಬಂಧ ಏನೂ ಇಲ್ಲದಿರಬಹುದು, ಸಾಕಷ್ಟು ಇರಲೂಬಹುದು, ನಿಮ್ಮ ಸ್ಯಾಂಪಲ್ ಹೇಳಲಾರದು. ನಿಜವಾದ ಸಂಬಂಧ 0.2 ಇದ್ದಿದ್ದರೆ ಅದನ್ನು ಶೇ 80 ಭರವಸೆಯಿಂದ ಹಿಡಿಯಲು 190ಕ್ಕಿಂತ ಜಾಸ್ತಿ ಜನ ಬೇಕಿತ್ತು, 80 ಜನರಿಂದ ಹಿಡಿಯುವ ಅವಕಾಶ ಅರ್ಧಕ್ಕಿಂತ ಕಡಿಮೆ. ಜಿ-ಪವರ್ ಉಚಿತ ಸಾಫ್ಟ್‌ವೇರ್, ಈ ಲೆಕ್ಕ ಫಾರ್ಮ್ ಹಂಚುವ ಮೊದಲೇ ಆಗಬೇಕಿತ್ತು. ಇದನ್ನೆಲ್ಲ ಚರ್ಚೆಯ ಅಧ್ಯಾಯದಲ್ಲಿ ನೇರವಾಗಿ ಬರೆಯಿರಿ. ವೈವಾದಲ್ಲಿ ಕೇಳಿದರೆ ತಲೆ ತಗ್ಗಿಸಬೇಡಿ, ಇಂಟರ್ವಲ್ ತೋರಿಸಿ ಮಾತಾಡಿ. ಟೇಬಲ್‌ನಲ್ಲಿ ಸಿಗ್ನಿಫಿಕೆಂಟ್ ಅಂತ ತೋರಿಸುವ ಸ್ಟಾರ್ ಗುರುತನ್ನಷ್ಟೇ ಎಣಿಸುವ ಪರೀಕ್ಷಕರಿಗಿಂತ ಇದನ್ನು ಅರ್ಥ ಮಾಡಿಕೊಳ್ಳುವ ಪರೀಕ್ಷಕರೇ ಈಗ ಹೆಚ್ಚುತ್ತಿದ್ದಾರೆ ಅನ್ನುವುದು ನನ್ನ ಅನುಭವ.

ಪ್ರಶ್ನೆ: 30 ಜನ ಇದ್ದರೆ ಸಾಕು ಅಂತಾರಲ್ಲ?

ಉತ್ತರ: ಸಾಲದು. ಮೇಲಿನ ಲೆಕ್ಕ ಓದಿ.

ಪ್ರಶ್ನೆ: ಸ್ಕೇಲನ್ನು ಗೂಗಲ್ ಟ್ರಾನ್ಸ್‌ಲೇಟ್‌ನಲ್ಲಿ ಕನ್ನಡಕ್ಕೆ ಮಾಡಿಕೊಳ್ಳಬಹುದಾ?

ಉತ್ತರ: ಬೇಡವೇ ಬೇಡ. ಒಬ್ಬರು ಕನ್ನಡಕ್ಕೆ ತರಲಿ, ಮೂಲ ನೋಡದ ಇನ್ನೊಬ್ಬರು ಅದನ್ನು ಇಂಗ್ಲಿಷಿಗೆ ತಿರುಗಿಸಲಿ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ಆಮೇಲೆ ನಿಮ್ಮ ಸ್ಯಾಂಪಲ್‌ನಂಥ ಕೆಲವರ ಜೊತೆ ಕೂತು, ಈ ವಾಕ್ಯ ಓದಿದಾಗ ಏನು ಅನಿಸಿತು ಅಂತ ಕೇಳಿ. ರೋಸೆನ್‌ಬರ್ಗ್‌ನ ಎಂಟನೆಯ ಹೇಳಿಕೆ, ‘ನನ್ನ ಮೇಲೆ ನನಗೆ ಇನ್ನೂ ಹೆಚ್ಚು ಗೌರವ ಇದ್ದಿದ್ದರೆ ಚೆನ್ನಾಗಿತ್ತು’, ಎಷ್ಟೋ ಭಾಷೆಗಳಲ್ಲಿ ಕೈ ಕೊಟ್ಟಿದೆ. ಹೌದು ಅಂದವರು ತಮ್ಮನ್ನು ಕೀಳಾಗಿ ಕಾಣುತ್ತಿದ್ದಾರೋ, ಇನ್ನೂ ಬೆಳೆಯುವ ಆಸೆ ಹೇಳುತ್ತಿದ್ದಾರೋ ಗೊತ್ತಾಗುವುದಿಲ್ಲ.

ಪ್ರಶ್ನೆ: ದುಡ್ಡು ಕೊಟ್ಟರೆ ಅನಾಲಿಸಿಸ್ ಮಾಡಿ, ಸಿಗ್ನಿಫಿಕೆಂಟ್ ಗ್ಯಾರಂಟಿ ಅನ್ನುವವರಿದ್ದಾರೆ. ನಂಬಬಹುದಾ?

ಉತ್ತರ: ಗ್ಯಾರಂಟಿ ಕೊಡುವವರು ಡೇಟಾ ತಿದ್ದುತ್ತಾರೆ, ಬೇರೆ ದಾರಿಯೇ ಇಲ್ಲ. ಡಚ್ ಸಾಮಾಜಿಕ ಮನಶ್ಶಾಸ್ತ್ರಜ್ಞ ಡೀಡೆರಿಕ್ ಸ್ಟಾಪೆಲ್ 2011ರಲ್ಲಿ ಸಿಕ್ಕಿಬಿದ್ದದ್ದು ಕಟ್ಟುಕತೆ ಡೇಟಾದಿಂದಲೇ. ಅವರು ಕೊಟ್ಟ ಡೇಟಾ ನಂಬಿ ಪಿಎಚ್.ಡಿ. ಮಾಡಿದ ವಿದ್ಯಾರ್ಥಿಗಳೂ ಪೆಟ್ಟು ತಿಂದರು. ಜಮೋವಿ ಅನ್ನುವ ಅಂಕಿಅಂಶದ ಸಾಫ್ಟ್‌ವೇರ್ ಉಚಿತ, ಒಂದು ವಾರ ಕೂತರೆ ಕೋರಿಲೇಶನ್ ನೀವೇ ಮಾಡಬಹುದು.

ಪ್ರಶ್ನೆ: ಪಿಯು ವಿದ್ಯಾರ್ಥಿಗಳಿಂದ ಫಾರ್ಮ್ ತುಂಬಿಸಲು ಪ್ರಿನ್ಸಿಪಾಲರ ಅನುಮತಿ ಸಾಕಾ?

ಉತ್ತರ: 18 ತುಂಬದವರಿಗೆ ಸಾಲದು. ಪೋಷಕರ ಒಪ್ಪಿಗೆ ಬೇಕು, ಮಕ್ಕಳ ಒಪ್ಪಿಗೆಯೂ ಬೇಕು. ಎಥಿಕ್ಸ್ ಸಮಿತಿಯ ಪತ್ರ ಕೈಗೆ ಬರುವ ಮೊದಲು ಒಂದು ಫಾರ್ಮನ್ನೂ ಹಂಚಬೇಡಿ.