ಓದುಗರ ಪ್ರಶ್ನೆ: ಮನೆ ಮುಂದೆ ಕಾರು ತೊಳೆಯುವಾಗ

ಪ್ರಶ್ನೆ: ಕಪ್ಪು ಕಾರು ಕೊಂಡು ಎಂಟು ತಿಂಗಳಾಯಿತು. ದಿನಾ ಬೆಳಿಗ್ಗೆ ಬಟ್ಟೆಯಲ್ಲಿ ಒರೆಸುತ್ತೇವೆ, ಭಾನುವಾರ ತೊಳೆಯುತ್ತೇವೆ. ಆದರೂ ಬಿಸಿಲಿಗೆ ನಿಲ್ಲಿಸಿದರೆ ಬಾನೆಟ್ ಮೇಲೆ ಜೇಡರ ಬಲೆಯಂಥ ಗೀರುಗಳು ಕಾಣುತ್ತವೆ. ಏನು ತಪ್ಪು ಮಾಡುತ್ತಿದ್ದೇವೆ?
– ಓದುಗರೊಬ್ಬರು, ಕುವೆಂಪುನಗರ, ಮೈಸೂರು

ಉತ್ತರ: ಮೊದಲು ಆ ಬೆಳಗಿನ ಒಣಬಟ್ಟೆ ಬಿಡಿ. ಬಣ್ಣದ ಮೇಲೆ ಹೊಳಪು ಕೊಡುವ ಕ್ಲಿಯರ್ ಕೋಟ್ ಎಂಬ ಪಾರದರ್ಶಕ ಪದರ ಇರುತ್ತದೆ. ಅದರ ದಪ್ಪ ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ನೋಟ್‌ಬುಕ್ಕಿನ ಹಾಳೆಗಿಂತಲೂ ತೆಳು. ರಾತ್ರಿ ಕೂತ ಧೂಳಿನಲ್ಲಿರುವ ಮರಳಿನ ಕಣ ಅದಕ್ಕಿಂತ ಎಷ್ಟೋ ಗಟ್ಟಿ. ಒಣಬಟ್ಟೆ ಎಳೆದಾಗಲೆಲ್ಲ ಆ ಕಣಗಳನ್ನು ಬಾನೆಟ್ ಮೇಲೆ ಉಜ್ಜಿದ ಹಾಗಾಗುತ್ತದೆ. ಬಿಳಿ ಕಾರಿನಲ್ಲೂ ಗೀರು ಬಿದ್ದಿರುತ್ತದೆ, ಕಪ್ಪಿನಲ್ಲಿ ಎದ್ದು ಕಾಣುತ್ತದೆ ಅಷ್ಟೆ.

ತೊಳೆಯುವಾಗ ಕಾರು ನೆರಳಲ್ಲಿರಲಿ. ಅಂಗೈ ಹಿಂಬದಿ ಇಟ್ಟರೆ ಬಾನೆಟ್ ತಣ್ಣಗಿರಬೇಕು. ಕೈ ಹಚ್ಚುವ ಮುಂಚೆ ಪೈಪಿನಲ್ಲಿ ಮೇಲಿನಿಂದ ಕೆಳಕ್ಕೆ ಎರಡು–ಮೂರು ನಿಮಿಷ ನೀರು ಬಿಡಿ. ಪೈಪ್ ಇಲ್ಲವೆಂದರೆ ಮಗ್ಗಿನಲ್ಲಿ ಸುರಿದರೂ ಸಾಕು, ಆದರೆ ಇದೊಂದು ಹಂತ ಮಾತ್ರ ಬಿಡಬೇಡಿ. ಬಾಗಿಲ ಕೆಳಭಾಗಕ್ಕೆ ಹತ್ತಿದ ಕೆಮ್ಮಣ್ಣು ಐದು ನಿಮಿಷ ನೆನೆಯಲಿ, ಮತ್ತೆ ನೀರು ಹಾಯಿಸಿ.

ಆಮೇಲೆ ಎರಡು ಬಕೆಟ್. ಒಂದರಲ್ಲಿ 10 ಲೀಟರ್ ನೀರಿಗೆ ಕಾರ್ ಶಾಂಪೂ, ಬಾಟಲಿ ಮೇಲೆ ಬರೆದಷ್ಟೇ. ಇನ್ನೊಂದರಲ್ಲಿ ಬರೀ ನೀರು. ಸ್ಪಂಜು ಬೇಡ; ಅದರ ಮೈ ಚಪ್ಪಟೆ, ಕಣಕ್ಕೆ ಒಳಗೆ ಹೋಗಲು ಜಾಗವಿಲ್ಲದೆ ಬಣ್ಣದ ಮೇಲೇ ಉಳಿಯುತ್ತದೆ. ಉದ್ದ ಎಳೆಯ ಮೈಕ್ರೋಫೈಬರ್ ಕೈಗವಸು ಕೊಳ್ಳಿ. ಮೊದಲು ರೂಫ್, ಆಮೇಲೆ ಗಾಜು, ಬಾನೆಟ್, ಡಿಕ್ಕಿ, ಬಾಗಿಲ ಮೇಲ್ಭಾಗ; ಬಾಗಿಲ ತಳ ಮತ್ತು ಬಂಪರ್ ಕೊನೆಗೆ. ಒತ್ತಬೇಡಿ, ಸುತ್ತಬೇಡಿ, ನೇರ ಗೆರೆಯಲ್ಲಿ ಎಳೆಯಿರಿ. ಒಂದೊಂದು ಭಾಗ ಮುಗಿದಾಗಲೂ ಗವಸನ್ನು ಬರೀ ನೀರಿನ ಬಕೆಟ್ಟಿನಲ್ಲಿ ಜಾಲಿಸಿ, ಹಿಂಡಿ, ಆಮೇಲೆಯೇ ಶಾಂಪೂಗೆ ಅದ್ದಿ. ಕೆಲಸ ಮುಗಿದ ಮೇಲೆ ಆ ನೀರಿನ ಬಕೆಟ್ಟನ್ನು ಹತ್ತು ನಿಮಿಷ ಅಲುಗಿಸದೆ ಬಿಟ್ಟು, ಮೆಲ್ಲಗೆ ಬಗ್ಗಿಸಿ ನೋಡಿ. ತಳದಲ್ಲಿ ಕಾಫಿ ಚರಟದ ಹಾಗೆ ಕೂತ ಮರಳೆಲ್ಲ ಒಂದೇ ಬಕೆಟ್ ಇಟ್ಟುಕೊಂಡಿದ್ದರೆ ಮತ್ತೆ ಬಾನೆಟ್ ಮೇಲೇ ಓಡಾಡುತ್ತಿತ್ತು.

ಗವಸು ನೆಲಕ್ಕೆ ಬಿತ್ತೋ, ಚೆನ್ನಾಗಿ ಒಗೆಯದೆ ಕಾರಿಗೆ ಮುಟ್ಟಿಸಬೇಡಿ. ಒರೆಸಲು ಹಳೆ ಬನಿಯನ್, ಲುಂಗಿ ಬೇಡ. ಹೊಲಿಗೆ ಅಂಚೇ ಗೀರುತ್ತದೆ. ದೊಡ್ಡ ಮೈಕ್ರೋಫೈಬರ್ ಟವೆಲ್ಲನ್ನು ಬಾನೆಟ್ ಮೇಲೆ ಹಾಸಿ, ನೀರು ಹೀರಿದ ಮೇಲೆ ಮೆಲ್ಲಗೆ ಎಳೆದುಕೊಳ್ಳಿ. ಅದನ್ನು ಒಗೆಯುವಾಗ ಬಟ್ಟೆ ಮೆದು ಮಾಡುವ ಕಂಡೀಷನರ್ ಹಾಕಿದರೆ ಎಳೆಗೆ ಮೆತ್ತಿಕೊಂಡು ನೀರು ಹೀರುವ ಗುಣವೇ ಹೋಗುತ್ತದೆ.

ಪ್ರಶ್ನೆ: ನಮ್ಮದು ಬೋರ್‌ವೆಲ್ ನೀರು. ತೊಳೆದ ಮೇಲೆ ಗಾಜು, ಬಾನೆಟ್ ತುಂಬ ಬಿಳಿ ಚುಕ್ಕೆ. ಉಜ್ಜಿದರೂ ಹೋಗುವುದಿಲ್ಲ.
– ಓದುಗರೊಬ್ಬರು, ಮಂಡ್ಯ

ಉತ್ತರ: ಗಡಸು ನೀರಿನ ಸುಣ್ಣದಂಶ ಅದು. ನೀರು ಆವಿಯಾಗುತ್ತದೆ, ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಅಲ್ಲೇ ಉಳಿಯುತ್ತದೆ. ಕಾರನ್ನು ತಾನಾಗಿ ಒಣಗಲು ಬಿಡಲೇಬೇಡಿ. ಒಂದು ಕಡೆ ತೊಳೆದು, ಆರುವ ಮುಂಚೆ ಅಲ್ಲಿ ಒರೆಸಿ, ಮುಂದಕ್ಕೆ ಹೋಗಿ. ಕಾವೇರಿ ನೀರು ಬರುವ ದಿನ ಒಂದು ಬಕೆಟ್ ಹಿಡಿದಿಟ್ಟು ಕೊನೆಯ ಸುರಿತಕ್ಕೆ ಬಳಸಿ. ಮಳೆನೀರು ಇದ್ದರೆ ಇನ್ನೂ ಒಳ್ಳೆಯದು. ಈಗಾಗಲೇ ಕೂತಿರುವ ಚುಕ್ಕೆಗೆ ಬಿಳಿ ವಿನೆಗರ್ ಮತ್ತು ನೀರು ಸಮಸಮ ಬೆರೆಸಿ, ಬಟ್ಟೆ ಅದ್ದಿ ಚುಕ್ಕೆ ಮೇಲೆ ಒಂದೆರಡು ನಿಮಿಷ ಇಡಿ. ಒರೆಸಿ, ಕೂಡಲೇ ಧಾರಾಳವಾಗಿ ನೀರು ಹಾಕಿ. ಇದಕ್ಕೂ ಹೋಗದಿದ್ದರೆ ಲವಣ ಕ್ಲಿಯರ್ ಕೋಟನ್ನೇ ತಿಂದಿದೆ ಎಂದರ್ಥ, ಪಾಲಿಶ್ ಮಾಡಿಸಬೇಕು. ಪಾತ್ರೆ ಉಜ್ಜುವ ಸ್ಕ್ರಬ್ಬರ್, ಬ್ಲೇಡು ಹಿಡಿದು ಹೋಗಬೇಡಿ.

ಪ್ರಶ್ನೆ: ಸೋಪಿನ ಪುಡಿ ಹಾಕಿ ತೊಳೆದು, ಹೊಳಪಿಗೆ ಡೀಸೆಲ್ ಬಟ್ಟೆ ಆಡಿಸುತ್ತೇವೆ. ಸರಿಯೇ?
– ಓದುಗರೊಬ್ಬರು, ಪಾಂಡವಪುರ

ಉತ್ತರ: ಎರಡೂ ಬೇಡ. ಪುಡಿಯ ಕ್ಷಾರ, ಬಣ್ಣ ಕಾಯಲು ಹಚ್ಚಿದ ಮೇಣದ (ವ್ಯಾಕ್ಸ್) ಪದರವನ್ನು ಎತ್ತಿಬಿಡುತ್ತದೆ, ಕರಗದ ಹರಳು ಗೀರುತ್ತದೆ. ಡೀಸೆಲ್ ಜಿಡ್ಡಿಗೆ ಮರುದಿನವೇ ಧೂಳು ಅಂಟುತ್ತದೆ, ಕಿಟಕಿಯ ರಬ್ಬರ್ ಉಬ್ಬುತ್ತದೆ.

ಪ್ರಶ್ನೆ: ಪಕ್ಕದಲ್ಲೇ ಆಲೆಮನೆ. ಬೆಳಗಾದರೆ ಕಾರಿನ ಮೇಲೆ ಮಸಿ, ಬೂದಿ. ಜೊತೆಗೆ ಹಕ್ಕಿ ಹಿಕ್ಕೆ. ಹೇಗೆ ತೆಗೆಯಲಿ?
– ಓದುಗರೊಬ್ಬರು, ಮದ್ದೂರು

ಉತ್ತರ: ಮಸಿಯನ್ನು ಬೆರಳಲ್ಲಿ ಒರೆಸಿ ನೋಡುವ ಆಸೆ ಬರುತ್ತದೆ, ತಡೆದುಕೊಳ್ಳಿ. ಒರೆಸಿದರೆ ಬಳಿದ ಹಾಗೆ ಹರಡುತ್ತದೆ, ನೀರು ಸುರಿದರೆ ತೇಲಿ ಹೋಗುತ್ತದೆ. ಬೂದಿ ಕ್ಷಾರೀಯ, ರಾತ್ರಿಯ ಮಂಜಿನಲ್ಲಿ ನೆನೆದರೆ ಕಲೆ ಬಿಡುತ್ತದೆ. ಕಬ್ಬು ಅರೆಯುವ ದಿನಗಳಲ್ಲಿ ರಾತ್ರಿ ಹೊದಿಕೆ ಹಾಕಿ, ಆದರೆ ಧೂಳು ಕೂತ ಕಾರಿನ ಮೇಲೆ ಹಾಕಬೇಡಿ. ಗಾಳಿಗೆ ಹೊದಿಕೆಯೇ ಉಜ್ಜುತ್ತದೆ. ಹಿಕ್ಕೆಯನ್ನು ಕೆರೆಯಬಾರದು. ಒದ್ದೆ ಬಟ್ಟೆ ಅದರ ಮೇಲೆ ಹತ್ತು ನಿಮಿಷ ಹೊದಿಸಿ, ಮೆತ್ತಗಾದ ಮೇಲೆ ಎತ್ತಿಕೊಳ್ಳಿ. ಕಂಡ ದಿನವೇ ತೆಗೆಯಿರಿ. ಬಿಸಿಲಿಗೆ ಕ್ಲಿಯರ್ ಕೋಟ್ ಮೆದುವಾಗಿ, ಸಂಜೆ ತಣಿದು ಬಿಗಿಯುವಾಗ ಹಿಕ್ಕೆಯ ಗುರುತು ಅಲ್ಲೇ ಅಚ್ಚಾಗುತ್ತದೆ.

ಪ್ರಶ್ನೆ: ಚಕ್ರ ಯಾವಾಗ ತೊಳೆಯಬೇಕು, ಮೊದಲೋ ಕೊನೆಗೋ?
– ಓದುಗರೊಬ್ಬರು, ವಿಜಯನಗರ, ಮೈಸೂರು

ಉತ್ತರ: ಮೊದಲು. ಇಲ್ಲದಿದ್ದರೆ ತೊಳೆದ ಬಾಗಿಲಿಗೆ ಕೊಳೆ ಸಿಡಿಯುತ್ತದೆ. ಚಕ್ರಕ್ಕೆ ಬೇರೆ ಬಕೆಟ್, ಬೇರೆ ಬ್ರಷ್ ಇರಲಿ. ಬ್ರೇಕಿನ ಪುಡಿಯಲ್ಲಿ ಕಬ್ಬಿಣದ ಚೂರು ಇರುತ್ತದೆ, ಅದು ಬಣ್ಣದ ಹತ್ತಿರ ಬರಬಾರದು. ಚಾಮುಂಡಿ ಬೆಟ್ಟ ಇಳಿದು ಬಂದ ಕೂಡಲೇ ಚಕ್ರಕ್ಕೆ ತಣ್ಣೀರು ಸುರಿಯಬೇಡಿ, ಕಾದ ಬ್ರೇಕ್ ಡಿಸ್ಕ್ ಸೊಟ್ಟಗಾಗಬಹುದು. ಅರ್ಧ ಗಂಟೆಯಾದರೂ ಆರಲಿ. ತೊಳೆದಾದ ಮೇಲೆ ಬೀದಿಯಲ್ಲಿ ನಿಧಾನವಾಗಿ ಓಡಿಸಿ ಎರಡು ಮೂರು ಸಲ ಬ್ರೇಕ್ ಒತ್ತಿ, ಡಿಸ್ಕ್ ಒಣಗುತ್ತದೆ.