'ಅಂಡರ್ ದಿ ವೆದರ್' ಅಂದರೆ ಮಳೆಯಲ್ಲಿ ನೆನೆಯೋದಾ? ಇಂಥ ಇಂಗ್ಲಿಷ್ ನುಡಿಗಟ್ಟು ಕಲಿಯೋದು ಹೇಗೆ?

ಅಲ್ಲ, ಮೈಗೆ ಸ್ವಲ್ಪ ಹುಷಾರಿಲ್ಲ ಅಂತ ಅರ್ಥ. ನೆಗಡಿ, ಸಣ್ಣ ಜ್ವರಕ್ಕೆ ಹೇಳುತ್ತಾರೆ, ದೊಡ್ಡ ಕಾಯಿಲೆಗಲ್ಲ. ಪದ ಪದ ಬಿಡಿಸಿದರೆ ನುಡಿಗಟ್ಟಿನ ಅರ್ಥ ಸಿಗಲ್ಲ. ನಮ್ಮ 'ಕೈ ಕೊಟ್ಟ' ಕೂಡ ಹಾಗೇ ಅಲ್ವಾ?

ದಾವಣಗೆರೆಯಲ್ಲಿ ನಾನು ಟ್ಯೂಷನ್ ಹೇಳುವ ಮಕ್ಕಳಿಗೆ ಮೊದಲು ಕನ್ನಡದ ಜೋಡಿ ಹುಡುಕಿಸುತ್ತೇನೆ. 'ಪೀಸ್ ಆಫ್ ಕೇಕ್' ಅಂದರೆ ನೀರು ಕುಡಿದಷ್ಟು ಸುಲಭ, 'ಸ್ಪಿಲ್ ದಿ ಬೀನ್ಸ್' ಅಂದರೆ ಗುಟ್ಟು ಬಿಟ್ಟುಕೊಡೋದು. ಆಮೇಲೆ ಸ್ವಂತ ವಾಕ್ಯ ಬರೆಯಬೇಕು. ಅಪರೂಪಕ್ಕೊಮ್ಮೆ ಅನ್ನುವ 'ಒನ್ಸ್ ಇನ್ ಎ ಬ್ಲೂ ಮೂನ್' ಬಳಸಿ ಒಬ್ಬ ಹುಡುಗಿ, ಅಪ್ಪ ಬೆಣ್ಣೆ ದೋಸೆ ಕೊಡಿಸೋದು ಯಾವಾಗ ಅಂತ ಬರೆದಳು, ಅವಳಿಗದು ಇನ್ನು ಮರೆಯಲ್ಲ.

'ಕಿಕ್ ದಿ ಬಕೆಟ್' ಮಾತ್ರ ಜೋಪಾನ. ಸಾಯೋದು ಅಂತಲೇ ಅರ್ಥ, ಆದರೆ 'ಗೊಟಕ್ ಅಂದ' ಅಂದ ಹಾಗೆ. ಸಾವಿನ ಮನೆಯವರ ಮುಂದೆ ದಯವಿಟ್ಟು ಆಡಬೇಡಿ.